ಡಬ್ಬಿಯ ಮೇಲಿನ ಇಂಗ್ಲಿಷ್: ವಿಷವು ದೇಹದಲ್ಲಿ ಮಾಡುವ ಕೆಲಸ

ಇಂಗ್ಲಿಷ್ ಕಲಿಸುವ ಶಿಕ್ಷಕನು ಶಬ್ದಗಳ ಅರ್ಥವನ್ನು ಹೇಳಿ ಸುಮ್ಮನಾಗಬೇಕು, ವೈದ್ಯಶಾಸ್ತ್ರದ ವಿಷಯಕ್ಕೆ ಕೈಹಾಕಬಾರದು ಎಂಬುದು ಸಾಮಾನ್ಯವಾದ ಅಭಿಪ್ರಾಯ. ನಾನೂ ಹಾಗೆಯೇ ತಿಳಿದಿದ್ದೆನು. ಒಂದು ದಿನ ಹತ್ತನೆಯ ತರಗತಿಯಲ್ಲಿ ‘ಮೆಡಿಸಿನ್’ ಎಂಬ ಶಬ್ದವನ್ನು ಸ್ವಂತ ವಾಕ್ಯದಲ್ಲಿ ಪ್ರಯೋಗಿಸಲು ಹೇಳಿದಾಗ, ಮುಧೋಳದ ಕಡೆಯ ಹಳ್ಳಿಯೊಂದರಿಂದ ಬರುತ್ತಿದ್ದ ವಿದ್ಯಾರ್ಥಿಯು ‘ಮೈ ಫಾದರ್ ಈಸ್ ಸ್ಪ್ರೇಯಿಂಗ್ ಮೆಡಿಸಿನ್’ ಎಂದು ಬರೆದು ತೋರಿಸಿದನು. ನಾನು ಕೆಂಪು ಶಾಯಿಯಿಂದ ಕೊನೆಯ ಶಬ್ದವನ್ನು ಹೊಡೆದು ‘ಪೆಸ್ಟಿಸೈಡ್’ ಎಂದು ತಿದ್ದಿದೆ. ಹುಡುಗನು ಬಿಡಲಿಲ್ಲ. “ಸರ್, ಔಷಧ ಅಂದ್ರ ಮೆಡಿಸಿನ್ ಅಲ್ಲೇನ್ರೀ? ಎಲ್ಲಾರೂ ಔಷಧ ಹೊಡಿಯೂದು ಅಂತಾರಲ್ರೀ” ಎಂದನು. ಅವನ ಅನುವಾದವೇನೋ ಸರಿಯಾಗಿಯೇ ಇತ್ತು. ನಾವು ಆಡುವ ಮಾತೇ ಅವನನ್ನು ದಾರಿ ತಪ್ಪಿಸಿತ್ತು.

ಕೃಷ್ಣೆಯ ದಂಡೆಯ ಜಮಖಂಡಿ, ಘಟಪ್ರಭೆಯ ನೀರುಂಡ ಮುಧೋಳ, ಆಲಮಟ್ಟಿಯ ಹಿನ್ನೀರಿನಲ್ಲಿ ಅನೇಕ ಊರುಗಳನ್ನು ಕಳೆದುಕೊಂಡ ಬೀಳಗಿ, ಮಗ್ಗದ ಸದ್ದಿನ ರಬಕವಿ–ಬನಹಟ್ಟಿ, ಇವೆಲ್ಲ ಕಬ್ಬು ಬೆಳೆಯುವ ಸೀಮೆ. ಇಲ್ಲಿ ‘ಔಷಧದ ಅಂಗಡಿ’ ಎಂದರೆ ಯಾವ ಅಂಗಡಿಯೆಂದು ಮರುಪ್ರಶ್ನೆ ಮಾಡಬೇಕಾಗುತ್ತದೆ. ಕೆಲವು ವರ್ಷಗಳ ಹಿಂದೆ ನನಗೆ ಪರಿಚಿತನಾದ ಕೂಲಿಕಾರನೊಬ್ಬನು ಮಧ್ಯಾಹ್ನದ ಬಿಸಿಲಿನಲ್ಲಿ ಬೆನ್ನಿಗೆ ಪಂಪು ಹೊತ್ತು ಸಿಂಪಡಿಸಿ, ಸಂಜೆಗೆ ಬೆವರಿ, ಬಾಯಲ್ಲಿ ಜೊಲ್ಲು ಸುರಿಸುತ್ತ ಕುಸಿದುಬಿದ್ದನು. ಆಸ್ಪತ್ರೆಗೆ ಒಯ್ದಾಗ ವೈದ್ಯರು ಮೊದಲು ಕೇಳಿದ್ದು ಯಾವ ಔಷಧವೆಂದು. ಜೊತೆಗೆ ಹೋದ ನಾಲ್ವರಲ್ಲಿ ಒಬ್ಬರಿಗೂ ಹೆಸರು ಗೊತ್ತಿರಲಿಲ್ಲ. “ಬಿಳೀ ಡಬ್ಬಿದು, ಹುಳಕ್ಕ ಹೊಡಿಯೂದ್ರೀ” ಎಂದಷ್ಟೇ ಹೇಳಿದರು. ವೈದ್ಯರು ಲಕ್ಷಣಗಳನ್ನು ನೋಡಿಯೇ ಚಿಕಿತ್ಸೆ ಆರಂಭಿಸಿದರು. ಒಬ್ಬನು ಮೋಟಾರ್ ಸೈಕಲ್ಲಿನ ಮೇಲೆ ಹಿಂದಿರುಗಿ ಹೊಲದ ಬದುವಿನಲ್ಲಿ ಬಿದ್ದಿದ್ದ ಡಬ್ಬಿಯನ್ನು ಹುಡುಕಿ ತಂದನು. ರೋಗಿಯು ಬದುಕಿದನು. ಆ ಡಬ್ಬಿಯ ಮೇಲೆ ಎಲ್ಲವೂ ಬರೆದಿತ್ತು. ನಮ್ಮ ಶಾಲೆಗಳಲ್ಲಿ ಐದಾರು ವರ್ಷ ಇಂಗ್ಲಿಷ್ ಓದಿದ ಇಬ್ಬರು ಆ ನಾಲ್ವರಲ್ಲಿದ್ದರೆಂಬುದು ನನ್ನನ್ನು ಇಂದಿಗೂ ಚುಚ್ಚುತ್ತದೆ. ಈ ಪಾಠವನ್ನು ನಾನು ತರಗತಿಯಲ್ಲಿ ಮಾಡತೊಡಗಿದ್ದು ಆಮೇಲೆ.

ಮೊದಲು ಶಬ್ದಗಳನ್ನು ನೋಡೋಣ. ‘ಪಾಯ್ಸನ್’ ಎಂಬುದು ಲ್ಯಾಟಿನ್ ಭಾಷೆಯ ‘ಕುಡಿಯುವಂಥದು’ ಎಂಬರ್ಥದ ಶಬ್ದದಿಂದ ಹುಟ್ಟಿದೆ; ಔಷಧದ ಗುಟುಕು ಎಂಬರ್ಥದ ‘ಪೋಶನ್’ ಅದರ ಒಡಹುಟ್ಟು. ‘ಟಾಕ್ಸಿಕ್’ ಎಂಬುದು ಗ್ರೀಕರ ಬಿಲ್ಲಿನಿಂದ ಬಂದುದು: ಬಾಣದ ತುದಿಗೆ ಬಳಿಯುವ ನಂಜನ್ನು ಅವರು ಬಿಲ್ಲಿನ ಹೆಸರಿನಿಂದಲೇ ಕರೆದರು. ‘ಫಾರ್ಮಸಿ’ಯ ಮೂಲವಾದ ಗ್ರೀಕ್ ಶಬ್ದಕ್ಕಂತೂ ಔಷಧ, ವಿಷ ಎರಡೂ ಅರ್ಥಗಳುಂಟು. ಕನ್ನಡದ ‘ಮದ್ದು’ ಕೂಡ ಹಾಗೆಯೇ: ಕಾಯಿಲೆಗೆ ಕೊಡುವುದೂ ಮದ್ದು, ಹಗೆಗೆ ಹಾಕುವುದೂ ಮದ್ದು, ಬಂದೂಕಿಗೆ ತುಂಬುವುದೂ ಮದ್ದು. ಆದುದರಿಂದ ಈ ಗೊಂದಲ ನಮ್ಮ ರೈತರು ಮಾತ್ರ ಮಾಡಿಕೊಂಡುದಲ್ಲ, ಬಹಳ ಹಳೆಯದು. ಆದರೆ ಇಂಗ್ಲಿಷ್ ವ್ಯಾಪಾರಭಾಷೆ ಒಂದು ಉಪಕಾರ ಮಾಡಿದೆ. ಇನ್ಸೆಕ್ಟಿಸೈಡ್, ಹರ್ಬಿಸೈಡ್, ಫಂಗಿಸೈಡ್ ಈ ಶಬ್ದಗಳ ಕೊನೆಯ ‘ಸೈಡ್’ಗೆ ಲ್ಯಾಟಿನ್ನಿನಲ್ಲಿ ‘ಕೊಲ್ಲುವುದು’ ಎಂದೇ ಅರ್ಥ. ‘ಸುಯಿಸೈಡ್’ನಲ್ಲಿ ಇರುವುದೂ ಅದೇ. ಈ ಒಂದು ಪ್ರತ್ಯಯವನ್ನು ಕಲಿತ ಮಗುವು ಯಾವ ಡಬ್ಬಿಯನ್ನು ನೋಡಿದರೂ ಕೊಲ್ಲುವ ಪದಾರ್ಥವೆಂದು ಗುರುತಿಸಬಲ್ಲದು.

ವಿಷದ ಅಧ್ಯಯನ ಕನ್ನಡಕ್ಕೆ ಹೊಸದಲ್ಲ. ಹದಿನಾಲ್ಕನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯದ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು. ಆಯುರ್ವೇದವು ಗಿಡಮೂಲಿಕೆ ಹಾಗೂ ಖನಿಜಗಳ ವಿಷವನ್ನು ಸ್ಥಾವರವೆಂದೂ ಹಾವು ಚೇಳುಗಳದನ್ನು ಜಂಗಮವೆಂದೂ ಕರೆಯುತ್ತದೆ. (ಶರಣಸಾಹಿತ್ಯದ ಓದುಗರಿಗೆ ಈ ಎರಡು ಶಬ್ದಗಳು ತೀರ ಬೇರೆ ಅರ್ಥದಲ್ಲಿ ಪರಿಚಿತವಾದುವೆಂದು ಹೇಳಬೇಕಾಗಿಲ್ಲ.) ಮನುಷ್ಯನೇ ಕೂಡಿಸಿ ಮಾಡಿದುದು ಕೃತ್ರಿಮ ವಿಷ, ನಮ್ಮ ಡಬ್ಬಿಗಳದು ಆ ಮೂರನೆಯ ವರ್ಗ.

ಯಾವ ಪದಾರ್ಥ ವಿಷವಾಗುವುದೆಂಬುದು ಪ್ರಮಾಣದ ಮೇಲೆ ನಿಂತಿದೆಯೆಂದು ಸ್ವಿಸ್ ವೈದ್ಯ ಪ್ಯಾರಾಸೆಲ್ಸಸ್‌ನು 1538ರಲ್ಲಿ ಬರೆದನು. ಉಪ್ಪಾದರೂ ಮಿತಿಮೀರಿದರೆ ಕೊಲ್ಲುತ್ತದೆ. ‘ಡೋಸ್’ ಎಂಬ ಶಬ್ದದ ಮೂಲಾರ್ಥ ‘ಕೊಡುವಿಕೆ’. ದೇಹದೊಳಕ್ಕೆ ಈ ಕೊಡುವಿಕೆ ನಡೆಯುವ ಬಾಗಿಲುಗಳು ಮುಖ್ಯವಾಗಿ ಮೂರು: ಬಾಯಿ, ಉಸಿರು, ಚರ್ಮ. ಮೊದಲೆರಡನ್ನು ಎಲ್ಲರೂ ಬಲ್ಲರು. ಮೂರನೆಯದನ್ನು ನಂಬುವವರು ಕಡಿಮೆ. ಕೀಟನಾಶಕಗಳಲ್ಲಿ ಹಲವು ಎಣ್ಣೆಯ ಸ್ವಭಾವದವು. ಚರ್ಮದ ಮೇಲ್ಪದರಿನ ಜಿಡ್ಡಿನಲ್ಲಿ ಕರಗಿ ರಕ್ತವನ್ನು ಸೇರುತ್ತವೆ. ಪಂಪಿನಿಂದ ಸೋರಿ ತೊಯ್ದ ಅಂಗಿಯನ್ನು ಸಂಜೆಯವರೆಗೆ ತೊಟ್ಟಿದ್ದರೆ, ಆ ಅಂಗಿಯೇ ಗಂಟೆಗಟ್ಟಲೆ ವಿಷವನ್ನು ಉಣಿಸುತ್ತಿರುತ್ತದೆ. ಬರಿಗೈಯಿಂದ ಕಲಸುವವರನ್ನೂ, ಕಟ್ಟಿಕೊಂಡ ನಾಜಲನ್ನು ಬಾಯಿಯಿಂದ ಊದುವವರನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಒಳಹೊಕ್ಕ ಮೇಲೆ ಏನು ನಡೆಯುತ್ತದೆ? ರಂಜಕದ ಸಂಯುಕ್ತಗಳಾದ ಕೀಟನಾಶಕಗಳನ್ನು ಇಂಗ್ಲಿಷಿನಲ್ಲಿ ಆರ್ಗನೋಫಾಸ್ಫೇಟ್ ಎನ್ನುತ್ತಾರೆ. ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್ ಈ ಕುಲದವು. ನಮ್ಮ ನರದ ತುದಿಯು ಸ್ನಾಯುವಿಗೆ ಆಜ್ಞೆ ಕೊಡಬೇಕಾದಾಗ ಅಸಿಟೈಲ್‌ಕೋಲೀನ್ ಎಂಬ ದ್ರವ್ಯವನ್ನು ಸ್ರವಿಸುತ್ತದೆ. ಆಜ್ಞೆ ಮುಟ್ಟಿದೊಡನೆ ಕೋಲಿನೆಸ್ಟರೇಸ್ ಎಂಬ ಕಿಣ್ವವು ಅದನ್ನು ಒಡೆದು ಹಾಕುತ್ತದೆ. ಶಾಲೆಯ ಗಂಟೆ ಬಾರಿಸಿದ ಜವಾನನು ಕೊಡತಿಯನ್ನು ಕೆಳಗಿಟ್ಟ ಹಾಗೆ ಇದು. ವಿಷವು ಈ ಕಿಣ್ವಕ್ಕೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸಿದರೆ ಗಂಟೆ ನಿಲ್ಲದೆ ಬಾರಿಸುತ್ತಲೇ ಇರುತ್ತದೆ. ಕಣ್ಣೀರು, ಜೊಲ್ಲು, ಬೆವರು ಸುರಿಯುತ್ತವೆ, ವಾಂತಿ ಭೇದಿಗಳಾಗುತ್ತವೆ, ಸ್ನಾಯುಗಳು ಅದುರಿ ಅದುರಿ ಕೊನೆಗೆ ಸೋಲುತ್ತವೆ. ಶ್ವಾಸನಾಳಗಳಲ್ಲಿ ನೀರು ತುಂಬಿ, ಉಸಿರಾಟದ ಸ್ನಾಯುಗಳು ಸೋತಾಗ ಮರಣ ಬರುತ್ತದೆ.

ಈ ವಿಷದ ಪ್ರಮುಖ ಗುರುತನ್ನು ವೈದ್ಯರು ‘ಪಿನ್‌ಪಾಯಿಂಟ್ ಪ್ಯೂಪಿಲ್’ ಎನ್ನುತ್ತಾರೆ: ಕಣ್ಣಿನ ಪಾಪೆ ಗುಂಡುಸೂಜಿಯ ಮೊನೆಯಷ್ಟು ಕಿರಿದಾಗುತ್ತದೆ. ‘ಪ್ಯೂಪಿಲ್ ಅಂದ್ರ ವಿದ್ಯಾರ್ಥಿ ಅಲ್ಲೇನ್ರೀ’ ಎಂದು ಮಕ್ಕಳು ನಗುತ್ತಾರೆ. ನಗುವುದು ಬೇಡ. ಒಬ್ಬರ ಕಣ್ಣಿನಲ್ಲಿ ಇಣುಕಿದರೆ ನಮ್ಮದೇ ಪುಟ್ಟ ಗೊಂಬೆ ಕಾಣುತ್ತದೆ. ಅದರಿಂದ ಲ್ಯಾಟಿನ್ನರು ಕಣ್ಣಿನ ಆ ಭಾಗವನ್ನು ‘ಪುಟ್ಟ ಗೊಂಬೆ’ ಎಂದರು. ಕನ್ನಡದಲ್ಲಿಯೂ ಪಾಪೆ ಎಂದರೆ ಗೊಂಬೆಯೇ. ಪರಸ್ಪರ ಸಂಬಂಧವಿಲ್ಲದ ಎರಡು ಭಾಷೆಗಳು ಒಂದೇ ನೋಟವನ್ನು ಕಂಡುದು ನನಗೆ ಪ್ರತಿಸಲವೂ ಸಂತೋಷ ಕೊಡುತ್ತದೆ.

ಪ್ರತಿವಿಷಕ್ಕೆ ‘ಆಂಟಿಡೋಟ್’ ಎಂದು ಹೆಸರು. ‘ವಿರುದ್ಧವಾಗಿ ಕೊಟ್ಟುದು’ ಎಂದು ಅದರ ಅರ್ಥ. ಇಲ್ಲಿ ಅದು ಅಟ್ರೋಪಿನ್. ಯೂರೋಪಿನ ಬೆಲ್ಲಡೊನ್ನ ಗಿಡದಲ್ಲಿ ಸಿಕ್ಕುವ ಈ ಸತ್ವಕ್ಕೆ ಅಟ್ರೋಪಸ್ ಎಂಬ ಗ್ರೀಕ್ ದೇವತೆಯ ಹೆಸರು. ಮೂವರು ಅಕ್ಕತಂಗಿಯರಲ್ಲಿ ಒಬ್ಬಳು ಬಾಳಿನ ನೂಲು ತೆಗೆಯುತ್ತಾಳೆ, ಒಬ್ಬಳು ಅಳೆಯುತ್ತಾಳೆ, ಅಟ್ರೋಪಸಳು ಕತ್ತರಿಸುತ್ತಾಳೆ. ಬನಹಟ್ಟಿಯ ನೇಕಾರರ ಮಕ್ಕಳಿಗೆ ಈ ಕಥೆಯನ್ನು ಎರಡನೆಯ ಸಲ ಹೇಳಬೇಕಾಗುವುದಿಲ್ಲ. ನಮ್ಮ ಉಮ್ಮತ್ತಿ ಗಿಡದಲ್ಲಿಯೂ ಇದೇ ಜಾತಿಯ ಸತ್ವವಿದೆ. ಹಾಗೆಂದು ಯಾರೂ ಅದನ್ನು ಅರೆದು ಕುಡಿಸಬಾರದು, ಅದೂ ವಿಷವೇ. ಅಟ್ರೋಪಿನ್ ಶ್ವಾಸನಾಳಗಳ ಸ್ರಾವವನ್ನು ಒಣಗಿಸಿ ಉಸಿರನ್ನು ಉಳಿಸುತ್ತದೆ. ಎಷ್ಟು, ಎಷ್ಟು ಹೊತ್ತಿಗೊಮ್ಮೆ ಕೊಡಬೇಕೆಂಬುದನ್ನು ವೈದ್ಯರು ರೋಗಿಯ ಪಕ್ಕದಲ್ಲಿ ಕುಳಿತೇ ನಿರ್ಣಯಿಸಬೇಕು. ಮನೆಯವರು ಮಾಡಬೇಕಾದುದು ತೊಯ್ದ ಬಟ್ಟೆ ತೆಗೆಯುವುದು, ಮೈಯನ್ನು ಸಾಬೂನಿನಿಂದ ತೊಳೆಯುವುದು, 108ಕ್ಕೆ ಕರೆ ಮಾಡುವುದು, ಡಬ್ಬಿಯನ್ನು ಜೊತೆಗೆ ಒಯ್ಯುವುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪದ್ಧತಿ ಅಪಾಯಕರ. ದ್ರವವು ಶ್ವಾಸಕೋಶಕ್ಕೆ ಇಳಿದು ಹೊಸ ಕೇಡನ್ನು ತರುತ್ತದೆ.

ಡಬ್ಬಿಯ ಮೇಲಿನ ಚೀಟಿಗೂ ಒಂದು ಇತಿಹಾಸವಿದೆ. 1958ರಲ್ಲಿ ಕೇರಳ ಮತ್ತು ಮದ್ರಾಸ್ ರಾಜ್ಯಗಳಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಗೋಧಿಹಿಟ್ಟು ಮೊದಲಾದವನ್ನು ತಿಂದು ನೂರಕ್ಕೂ ಹೆಚ್ಚು ಜನರು ಸತ್ತರು. ಆ ದುರಂತದ ತರುವಾಯ ನಡೆದ ವಿಚಾರಣೆಗಳ ಫಲವಾಗಿ 1968ರ ಕೀಟನಾಶಕ ಅಧಿನಿಯಮ, 1971ರ ನಿಯಮಗಳು ಬಂದವು. ಅಂದಿನಿಂದ ಪ್ರತಿ ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಂತ ಚೌಕವೊಂದು ಇರಬೇಕು. ಅದರ ಕೆಳಗಿನ ತ್ರಿಕೋನ ಕೆಂಪಾಗಿದ್ದರೆ ಅತ್ಯುಗ್ರ ವಿಷ. ಮೇಲೆ ತಲೆಬುರುಡೆ ಮತ್ತು ‘ಪಾಯ್ಸನ್’ ಎಂಬ ಶಬ್ದ. ಹಳದಿಯಾಗಿದ್ದರೆ ಬುರುಡೆಯಿಲ್ಲ, ‘ಪಾಯ್ಸನ್’ ಉಂಟು. ನೀಲಿಗೆ ‘ಡೇಂಜರ್’, ಹಸಿರಿಗೆ ‘ಕಾಷನ್’. ಹಸಿರೆಂದರೆ ನಿರಪಾಯವೆಂದು ಮಕ್ಕಳು ತಿಳಿಯುತ್ತಾರೆ. ‘ಕಾಷನ್’ ಎಂದರೆ ಎಚ್ಚರಿಕೆಯೆಂಬುದನ್ನು ನಾನು ಎರಡು ಸಲ ಬರೆಸುತ್ತೇನೆ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಗುಡಿಯ ಪ್ರಸಾದ ಉಂಡವರಲ್ಲಿ 15ಕ್ಕೂ ಹೆಚ್ಚು ಜನರು ಪ್ರಾಣ ಬಿಟ್ಟರು, ನೂರಕ್ಕೂ ಹೆಚ್ಚು ಜನರು ಅಸ್ವಸ್ಥರಾದರು. ಆ ಅನ್ನದಲ್ಲಿ ಸಿಕ್ಕಿದ್ದು ಮೊನೊಕ್ರೊಟೊಫಾಸ್.

ಇಷ್ಟು ಬೇಗನೆ ಕೆಲಸ ಮಾಡುವ ವಿಷಬಾಧೆಗೆ ‘ಅಕ್ಯೂಟ್’ ಎಂದು ವಿಶೇಷಣ. ಮೊನೆಯಂತೆ ಹರಿತವಾದುದೆಂದು ಅರ್ಥ. ಕಾಲವನ್ನು ಹಿಡಿದು ನಡೆಯುವುದು ‘ಕ್ರಾನಿಕ್’. ಈ ಎರಡನೆಯದೇ ಹೆಚ್ಚು ಮೋಸದ್ದು, ಏಕೆಂದರೆ ಕಾರಣ ಮತ್ತು ಕಾಯಿಲೆಗಳ ನಡುವೆ ಇಪ್ಪತ್ತು ಮೂವತ್ತು ವರ್ಷಗಳು ಹೋಗಬಹುದು. 1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್ ಎಂಬವರು ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಮೂತ್ರಕೋಶದ ಅರ್ಬುದವನ್ನು ಗುರುತಿಸಿದರು. ಬೆಂಜಿಡಿನ್ ಮೊದಲಾದ ದ್ರವ್ಯಗಳು ಯಕೃತ್ತಿನಲ್ಲಿ ರೂಪಾಂತರ ಹೊಂದಿ, ಮೂತ್ರದೊಡನೆ ಕೋಶದಲ್ಲಿ ನಿಂತು ಅದರ ಒಳಗೋಡೆಯನ್ನು ಕೆಡಿಸುತ್ತವೆಂದು ಆಮೇಲೆ ತಿಳಿಯಿತು. ಅಂಥ ಬಣ್ಣಗಳನ್ನು ಭಾರತ ಸರಕಾರವು 1990ರ ದಶಕದಲ್ಲಿ ನಿಷೇಧಿಸಿತು. ನೂಲಿಗೆ ಬಣ್ಣ ಹಾಕುವ ನಮ್ಮ ಊರುಗಳು ಈ ಶೋಧವನ್ನು ದೂರದ ಸುದ್ದಿಯೆಂದು ತಳ್ಳಿಹಾಕುವಂತಿಲ್ಲ. ಕಾಸರಗೋಡಿನ ಎಣ್ಮಕಜೆ, ಪಡ್ರೆಯ ಕನ್ನಡಿಗರು ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಚಿದ ಎಂಡೋಸಲ್ಫಾನಿನ ಕೆಳಗೆ ಎರಡು ದಶಕ ಬಾಳಿದರು. 2000ದಲ್ಲಿ ಸಿಂಪಡಣೆ ನಿಂತಿತು, 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆಯಿತು.

ಇನ್ನೊಂದು ಪದಾರ್ಥವನ್ನು ಹೇಳದಿದ್ದರೆ ಈ ಸೀಮೆಯ ಪಾಠ ಅಪೂರ್ಣ. ಬಣ್ಣದ ತೊಟ್ಟಿಗೆ ಹಾಕುವ ‘ಹೈಡ್ರೋಸ್’ ಎಂಬ ಬಿಳಿ ಪುಡಿಯನ್ನು ಬೆಲ್ಲದ ಕೊಪ್ಪರಿಗೆಗೂ ಹಾಕುವವರುಂಟು. ಬಟ್ಟೆಯವನಿಗೆ ಅದು ಬಣ್ಣವನ್ನು ಕರಗಿಸಿ ಕೊಡುತ್ತದೆ, ಗಾಣದವನಿಗೆ ಬೆಲ್ಲವನ್ನು ಹೊಂಬಣ್ಣಕ್ಕೆ ತರುತ್ತದೆ. ಬೆಲ್ಲದಲ್ಲಿ ಉಳಿಯುವ ಗಂಧಕದ ಅಂಶವು ಆಸ್ತಮಾ ಇದ್ದವರಿಗೆ ಉಸಿರು ಕಟ್ಟಿಸಬಲ್ಲದು. ಹಿರಿಯರು ಬೆಂಡೆಯ ಲೋಳೆಯಿಂದ ಹಾಲು ತಿಳಿ ಮಾಡುತ್ತಿದ್ದರು. ಆ ಬೆಲ್ಲ ಕಪ್ಪು. ಕೊಳ್ಳುವವರು ಹಳದಿಯನ್ನೇ ಆರಿಸುವುದರಿಂದ ಗಾಣದವನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಈಗ ಪ್ರತಿವರ್ಷ ಜೂನ್ ತಿಂಗಳಲ್ಲಿ, ಸಿಂಪಡಣೆಯ ಕಾಲಕ್ಕೆ ಮುಂಚೆ, ನಾನು ಮಕ್ಕಳಿಗೆ ಮನೆಯಲ್ಲಿರುವ ಡಬ್ಬಿಯನ್ನು ಮುಟ್ಟದೆ, ಹಿರಿಯರ ಎದುರಿನಲ್ಲಿ, ಅದರ ಚೀಟಿಯನ್ನು ನೋಡಿ ಬರೆದುಕೊಂಡು ಬರಲು ಹೇಳುತ್ತೇನೆ: ಹೆಸರು, ತ್ರಿಕೋನದ ಬಣ್ಣ, ಆಂಟಿಡೋಟ್. ಅಕ್ಷರಗಳು ಎಷ್ಟು ಸಣ್ಣವೆಂದರೆ ಚಾಳೀಸು ಹಾಕಿದ ತಂದೆಯಂದಿರಿಗೆ ಕನ್ನಡದ ಸಾಲುಗಳೂ ಕಾಣುವುದಿಲ್ಲ. ಮಕ್ಕಳೇ ಓದಿ ಹೇಳಬೇಕಾಗುತ್ತದೆ. ಮೊದಲು ಹೇಳಿದ ಹುಡುಗನು ಮರುವಾರ ತನ್ನ ವಾಕ್ಯವನ್ನು ತಾನೇ ತಿದ್ದಿಕೊಂಡು ಬಂದನು. ‘ಮೈ ಫಾದರ್ ಈಸ್ ಸ್ಪ್ರೇಯಿಂಗ್ ಪಾಯ್ಸನ್’ ಎಂದು ಬರೆದು, ಕೆಳಗೆ ಕನ್ನಡದಲ್ಲಿ, ‘ಅಪ್ಪಗ ಓದಿ ಹೇಳೀನಿ, ಕೈಗವಸು ತಂದಾನ’ ಎಂದು ಸೇರಿಸಿದ್ದನು.