ಹುಣಸೆ ಮಾರು, ಮರ ಮಾರಬೇಡ

ಬದುವಿನ ಹುಣಸೆ ಮರಕ್ಕೆ ಬೆಲೆ ಕಟ್ಟಲು ಯಾರಾದರೂ ಬಂದರೆ, ತಮ್ಮಾ, ಆ ದಿನವೇ ಹೂಂ ಅನ್ನಬೇಡ. ತೀರಿಸಬೇಕಾದ ಸಾಲ ಇರಬಹುದು, ಮನೆಯಲ್ಲಿ ಮದುವೆ ಇರಬಹುದು, ಬೋರ್‌ವೆಲ್ ಬತ್ತಿರಬಹುದು. ನಾಗಲಮಡಿಕೆ ಸೀಮೆಯಲ್ಲಿ ಇವು ಯಾವ ಮನೆಗೂ ಹೊಸವಲ್ಲ. ಆದರೂ ಒಂದು ರಾತ್ರಿ ಕೂತು ಲೆಕ್ಕ ಹಾಕು.

ನಮ್ಮ ಪಾವಗಡದ ಮಳೆಯ ಗುಣ ನಿನಗೆ ಗೊತ್ತು. ಉತ್ತರ ಪಿನಾಕಿನಿ ಊರ ಮಗ್ಗುಲಲ್ಲೇ ಇದ್ದರೂ ಬರೀ ಮರಳು ಕಾಣುವ ತಿಂಗಳುಗಳೇ ಹೆಚ್ಚು. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಬೀಜದ ದುಡ್ಡೂ ಹುಟ್ಟುವುದಿಲ್ಲ. ಬೇರು ಆಳಕ್ಕಿಳಿದ ಹುಣಸೆಗೆ ಆ ಭಯವಿಲ್ಲ. ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆ ಜಮೀನನ್ನು ಜನ ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟರಲ್ಲ, ವರ್ಷಾ ವರ್ಷಾ ಬಾಡಿಗೆ ಬರುತ್ತದೆ ಅಂತ. ಬದುವಿನ ಹುಣಸೆಯೂ ಹಾಗೇ ಬಾಡಿಗೆ ಕೊಡುವಂಥದ್ದು, ಜಮೀನು ಮಾತ್ರ ನಿನ್ನ ಕೈಯಲ್ಲೇ ಉಳಿಯುತ್ತದೆ.

ಮರದ ವ್ಯಾಪಾರಿ ಹೇಳದ ಮಾತೊಂದಿದೆ. ಹುಣಸೆಯ ಚೇಗು ಕಬ್ಬಿಣದಂಥದ್ದು, ನಿಜ. ಎಣ್ಣೆ ಗಾಣ, ಒನಕೆ, ಕೊಡತಿ, ಗಾಡಿ ಚಕ್ರದ ಗುಂಬ, ಮಾಂಸದಂಗಡಿಯ ಕೊರಡು ಎಲ್ಲಕ್ಕೂ ಅದೇ ಬೇಕು. ಆದರೆ ಆ ಕಪ್ಪು ಚೇಗು ಬಲಿಯುವುದು ಮರ ಮುದಿಯಾದ ಮೇಲೆ. ಅಲ್ಲಿಯವರೆಗೆ ಒಳಗೆ ಇರುವುದೆಲ್ಲ ಹುಳು ಹಿಡಿಯುವ ಬಿಳಿ ಮರ. ಹಾಗಾಗಿ ಕಾಯಿ ಬಿಡುವ ಪ್ರಾಯದ ಮರ ಕಡಿದರೆ ನಿನಗೆ ದಕ್ಕುವುದು ಸೌದೆ ಬೆಲೆ. ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪಿಗೆ ಒಮ್ಮೆ ಹೋಗಿ ಬಾ. 2007ರಲ್ಲಿ ಅದು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಅಲ್ಲಿ ನೂರಾರು ವರ್ಷದ ಮರಗಳಿವೆ. ಹುಣಸೆಯ ಆಯಸ್ಸು ಎಷ್ಟೆಂದು ಅವುಗಳ ಬುಡದಲ್ಲಿ ನಿಂತರೆ ಗೊತ್ತಾಗುತ್ತದೆ. ಗಾಳಿಗೆ ಬಿದ್ದ, ಒಣಗಿದ ಮರವನ್ನು ಬೇಕಾದರೆ ಮಾರು. ಹಸಿ ಮರಕ್ಕೆ ಕೊಡಲಿ ಹಾಕಿಸಬೇಡ.

ಇನ್ನು ಫಸಲಿನ ಮಾತು. ಹೂವಿನಲ್ಲೇ ಮರ ಗುತ್ತಿಗೆ ಕೊಟ್ಟು ಕೈ ತೊಳೆದುಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಹುಣಸೆ ಒಂದು ವರ್ಷ ಹೊರೆಗಟ್ಟಲೆ ಬಿಟ್ಟರೆ ಮರುವರ್ಷ ಇಳುವರಿ ಕುಗ್ಗುವುದುಂಟು. ಈ ಏರಿಳಿತ ಗುತ್ತಿಗೆದಾರನಿಗೆ ನಿನಗಿಂತ ಚೆನ್ನಾಗಿ ಗೊತ್ತು. ಎರಡು ಮೂರು ವರ್ಷಕ್ಕೆ ಒಟ್ಟಿಗೆ ಬರೆದುಕೊಡಬೇಡ. ಆದಷ್ಟೂ ನೀನೇ ಕೀಳಿಸು. ಪುಷ್ಯ ಷಷ್ಠಿಗೆ ನಾಗಲಮಡಿಕೆಯ ಸುಬ್ರಹ್ಮಣ್ಯ ಸ್ವಾಮಿಯ ತೇರು ಮುಗಿದ ಮೇಲೆ ಕಾಯಿಯ ಮೇಲೆ ಕಣ್ಣಿಡು. ಸಿಪ್ಪೆ ಒಳಗಿನ ಹಣ್ಣಿನಿಂದ ಬಿಟ್ಟುಕೊಂಡು, ಬೆರಳಲ್ಲಿ ಒತ್ತಿದರೆ ಪಟ್ಟನೆ ಒಡೆಯಬೇಕು. ಕೋಲಿನಿಂದ ಬಡಿದರೆ ಎಳೆ ರೆಂಬೆ ಹಾಳು. ಕೊಂಬೆ ಅಲುಗಿಸಿ ಉದುರಿಸು. ಮರ ಹತ್ತುವವನ ಸೊಂಟಕ್ಕೆ ಹಗ್ಗ ಕಟ್ಟಿಸದೆ ಹತ್ತಿಸಬೇಡ. ಯಾವ ಫಸಲೂ ಒಂದು ಜೀವಕ್ಕಿಂತ ದೊಡ್ಡದಲ್ಲ.

ಹಿಂದೂಪುರದ ಮಾರುಕಟ್ಟೆಯಲ್ಲಿ ಕರಿಪುಲಿ ಅನ್ನುವ ದರ್ಜೆಯ ಹಣ್ಣಿಗೆ ಒಂದು ಬೆಲೆ, ಫ್ಲವರ್ ದರ್ಜೆಗೆ ಇನ್ನೊಂದು. ಹಣ್ಣಿನ ಬಣ್ಣ, ನಾರು, ಬೀಜ ಎಲ್ಲ ನೋಡಿಯೇ ಹರಾಜು ಕೂಗುತ್ತಾರೆ. ಚೆನ್ನಾಗಿ ಒಣಗಿಸು, ಮಣ್ಣು ತಾಗಿಸಬೇಡ, ಒಳ್ಳೆಯ ಮರದ ಹಣ್ಣನ್ನು ಉಳಿದದ್ದರ ಜೊತೆ ಬೆರೆಸಬೇಡ. ಬೀಜ ಬಿಡಿಸುವ ಹೆಂಗಸರ ಕೂಲಿಯಲ್ಲಿ ಚೌಕಾಸಿ ಮಾಡಬೇಡ. ಬೇಸಿಗೆಯಲ್ಲಿ ಅವರ ಒಲೆ ಉರಿಯುವುದು ಅದರಿಂದಲೇ. ಬೀಜವನ್ನೂ ಎಸೆಯಬೇಡ. ಅದರ ಹಿಟ್ಟು ಬಟ್ಟೆ ಗಿರಣಿಗಳಲ್ಲಿ ನೂಲಿಗೆ ಗಂಜಿಯಾಗುತ್ತದೆ, ಕೊಳ್ಳುವವರಿದ್ದಾರೆ.

ಕೊನೆಗೆ, ಇರುವ ಮರ ಉಳಿಸಿದರೆ ಸಾಲದು, ಹೊಸದನ್ನೂ ನೆಡು. ಬೀಜದ ಗಿಡ ಫಸಲಿಗೆ ಬರಲು ಎಂಟು ಹತ್ತು ವರ್ಷ ಬೇಕು, ಹಣ್ಣು ಹೇಗಿರುತ್ತದೋ ಹೇಳಲಾಗದು. ಕಸಿ ಗಿಡ ನಾಲ್ಕೈದು ವರ್ಷಕ್ಕೇ ಕಾಯಿ ತೋರಿಸುತ್ತದೆ, ತಾಯಿ ಮರದ ಗುಣವೂ ತಪ್ಪುವುದಿಲ್ಲ. ತುಮಕೂರು ಬಳಿಯ ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ವಿಚಾರಿಸು. ಹುಣಸೆಯ ನೆರಳಲ್ಲಿ ಶೇಂಗಾ ಬರುವುದಿಲ್ಲ, ಆದ್ದರಿಂದ ಬದುವಿನ ಮೇಲೆ, ಗಿಡದಿಂದ ಗಿಡಕ್ಕೆ 10 ಮೀಟರ್ ಬಿಟ್ಟು ನೆಡು. ಮೊದಲ ಎರಡು ಬೇಸಿಗೆ ಕೊಡದಲ್ಲಾದರೂ ನೀರು ಹೊತ್ತು ಹಾಕು, ಮೇಕೆ ಬಾಯಿಗೆ ಸಿಗದಂತೆ ಮುಳ್ಳು ಕಟ್ಟು. ಅಷ್ಟು ಮಾಡಿದರೆ ಆಮೇಲೆ ಅದು ನಿನ್ನನ್ನು ಹೆಚ್ಚೇನೂ ಕೇಳುವುದಿಲ್ಲ. ಈ ಮುಂಗಾರಿಗೆ ಎರಡೇ ಗಿಡವಾದರೂ ಸರಿ, ಗುಂಡಿ ತೆಗೆ.