ರೈಲುಗಾಡಿಯ ಸ್ಪ್ರಿಂಗು: ಮಣಿಯುವುದು ಮತ್ತು ತಡೆಯುವುದು

ರೈಲುಗಾಡಿ ಎಂದೊಡನೆ ಸಾಮಾನ್ಯ ಜನರ ಮನಸ್ಸು ಎಂಜಿನಿನತ್ತ ಹರಿಯುತ್ತದೆ. ಅದರ ಬಲ, ಅದರ ವೇಗ, ಅದರ ಕೂಗು ಇವುಗಳೇ ಕಣ್ಣು ಕಿವಿಗಳನ್ನು ಸೆಳೆಯತಕ್ಕವು. ಆದರೆ ರಾತ್ರಿಯ ಗಾಡಿಯಲ್ಲಿ ತಾಯಿಯ ಮಗ್ಗುಲಲ್ಲಿ ನಿದ್ರಿಸುವ ಕೂಸಿಗೂ, ದೂರದ ಆಸ್ಪತ್ರೆಗೆ ಸಾಗುತ್ತಿರುವ ರೋಗಿಗೂ, ಮುಪ್ಪಿನಲ್ಲಿ ಯಾತ್ರೆ ಹೊರಟ ವೃದ್ಧರಿಗೂ ಆಸರೆಯಾಗಿರುವುದು ಅವರ ಕಾಲಡಿಯಲ್ಲಿ ಕಾಣದಂತೆ ಅಡಗಿರುವ ಸ್ಪ್ರಿಂಗುಗಳು. ಹಳಿಯು ನೋಟಕ್ಕೆ ನೇರವಾಗಿದ್ದರೂ ಅದರಲ್ಲಿ ಸಂದುಗಳಿವೆ, ತಗ್ಗುಗಳಿವೆ, ಒಂದು ಹಳಿ ಏರಿ ಇನ್ನೊಂದು ಇಳಿದಿರುವ ಎಡೆಗಳಿವೆ. ಆ ದೋಷಗಳೆಲ್ಲ ಚಕ್ರಕ್ಕೆ ಪೆಟ್ಟಾಗಿ ತಾಗುತ್ತವೆ. ಆ ಪೆಟ್ಟು ಪ್ರಯಾಣಿಕನನ್ನು ಮುಟ್ಟದಂತೆ ನಡುವೆ ನಿಂತು ತಡೆದುಕೊಳ್ಳುವುದೇ ಸ್ಪ್ರಿಂಗಿನ ಕಾರ್ಯ.

ಸ್ಪ್ರಿಂಗು ಮೆತ್ತಗಾದಷ್ಟೂ ಪ್ರಯಾಣ ಸುಖಕರವೆಂಬುದು ಲೋಕದ ತಿಳಿವಳಿಕೆ. ಇದು ಅರ್ಧ ಸತ್ಯ. ಮಿಕ್ಕ ಅರ್ಧವನ್ನು ಅರಿಯಲು ಯಂತ್ರಶಿಲ್ಪಿಗಳಿಗೆ ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಅದನ್ನು ಕ್ರಮವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಹೆಸರುಗಳ ವಿಚಾರ

ಕನ್ನಡದ ಆಡುಮಾತಿನಲ್ಲಿ ಜನರು ಕುಳಿತುಕೊಳ್ಳುವ ಡಬ್ಬಿಯನ್ನೇ ಬೋಗಿ ಎನ್ನುವ ರೂಢಿಯಿದೆ. ಯಂತ್ರಶಾಸ್ತ್ರದಲ್ಲಿ ಬೋಗಿ ಎಂದರೆ ಡಬ್ಬಿಯಲ್ಲ. ಡಬ್ಬಿಯ ಎರಡು ತುದಿಗಳ ಅಡಿಯಲ್ಲಿ ಇರುವ, ಸಾಮಾನ್ಯವಾಗಿ ನಾಲ್ಕು ಚಕ್ರಗಳ, ತಿರುಗಬಲ್ಲ ಚೌಕಟ್ಟು. ಇಲ್ಲಿ ಆ ಪದವನ್ನು ಈ ಶಾಸ್ತ್ರೀಯ ಅರ್ಥದಲ್ಲಿಯೇ ಬಳಸಿದೆ.

ಕಮಾನು ಎಂಬ ಇನ್ನೊಂದು ಪದವೂ ಗಮನಾರ್ಹ. ಇದು ಪಾರಸಿ ಮೂಲದ್ದು. ಬಿಲ್ಲು ಎಂಬುದು ಅದರ ಅರ್ಥ. ಬಾಗಿ ಮತ್ತೆ ಮೊದಲಿನ ರೂಪಕ್ಕೆ ಮರಳುವುದು ಬಿಲ್ಲಿನ ಗುಣ. ಸ್ಪ್ರಿಂಗಿನ ಗುಣವೂ ಅದೇ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಲ್ಲಿನಂತೆ ಬಾಗಿಸಿದ ಸ್ಪ್ರಿಂಗನ್ನು ಇಂದಿಗೂ ಲಾರಿಗಳಲ್ಲಿ ಕಾಣಬಹುದು. ಮೊದಲ ಕಾಲದ ರೈಲು ಡಬ್ಬಿಗಳಿಗೂ ಅದೇ ಆಧಾರವಾಗಿದ್ದಿತು.

ಮಣಿಯುವಿಕೆಯ ಲೆಕ್ಕ

ಸ್ಪ್ರಿಂಗು ಎಷ್ಟು ಭಾರ ಹೊತ್ತರೆ ಅಷ್ಟಕ್ಕೆ ಅನುಗುಣವಾಗಿ ಮಣಿಯುತ್ತದೆಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ ೧೬೭೮ರಲ್ಲಿ ಪ್ರಕಟಿಸಿದನು. ಈ ನಿಯಮದಿಂದ ಒಂದು ಸರಳ ಲೆಕ್ಕ ಹೊರಡುತ್ತದೆ. ಡಬ್ಬಿಯ ಭಾರಕ್ಕೆ ಸ್ಪ್ರಿಂಗು ೧ ಸೆಂಟಿಮೀಟರ್ ಮಾತ್ರ ಕುಗ್ಗಿದರೆ, ಡಬ್ಬಿಯು ಒಮ್ಮೆ ಕದಲಿದಾಗ ಸೆಕೆಂಡಿಗೆ ಸುಮಾರು ೫ ಸಲ ಮೇಲೆ ಕೆಳಗೆ ಆಡುತ್ತದೆ. ೪ ಸೆಂಟಿಮೀಟರ್ ಕುಗ್ಗಿದರೆ ಎರಡೂವರೆ ಸಲ. ೨೫ ಸೆಂಟಿಮೀಟರ್ ಕುಗ್ಗಿದರೆ ಒಂದೇ ಸಲ.

ಮನುಷ್ಯನ ದೇಹವು ಸೆಕೆಂಡಿಗೆ ೪ರಿಂದ ೮ ಸಲ ಆಗುವ ಮೇಲು ಕೆಳಗಿನ ಕುಲುಕಾಟವನ್ನು ಎಲ್ಲಕ್ಕಿಂತ ಕಡಿಮೆ ಸಹಿಸುತ್ತದೆ. ಹೊಟ್ಟೆಯೊಳಗಿನ ಅವಯವಗಳು ಅದೇ ಲಯದಲ್ಲಿ ತೂಗಾಡತೊಡಗುವುದು ಇದಕ್ಕೆ ಒಂದು ಕಾರಣ. ಸೆಕೆಂಡಿಗೆ ಒಂದು ಸಲದ ನಿಧಾನವಾದ ತೂಗಾಟವಾದರೋ ಅಷ್ಟಾಗಿ ಬಾಧಿಸದು. ಆದುದರಿಂದ ಹೆಚ್ಚು ಮಣಿಯುವ ಸ್ಪ್ರಿಂಗು ಮೇಲೆಂಬ ಲೋಕದ ಮಾತಿಗೆ ಇಷ್ಟರ ಮಟ್ಟಿಗೆ ಆಧಾರವುಂಟು.

ತಡೆಯ ಅಗತ್ಯ

ಆದರೆ ಮಣಿದ ಸ್ಪ್ರಿಂಗು ತಾನು ಪಡೆದ ಶಕ್ತಿಯನ್ನು ಕಳೆಯುವುದಿಲ್ಲ. ಕೂಡಿಟ್ಟು ಹಾಗೆಯೇ ಹಿಂದಿರುಗಿಸುತ್ತದೆ. ಒಂದು ಪೆಟ್ಟಿಗೆ ಡಬ್ಬಿ ಹಲವು ಸಲ ಆಡುವುದು ಇದರಿಂದಲೇ. ಆಟ ನಿಲ್ಲುವ ಮೊದಲೇ ಮುಂದಿನ ಪೆಟ್ಟು, ಅದೂ ಅದೇ ಲಯದಲ್ಲಿ ಬಂದರೆ, ಉಯ್ಯಾಲೆಯನ್ನು ಹದವರಿತು ನೂಕಿದಂತಾಗುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ೧೩ ಮೀಟರ್ ಉದ್ದದ ಹಳಿಗಳನ್ನು ಸಂದುಗೂಡಿಸಿದ ಮಾರ್ಗದಲ್ಲಿ ಗಾಡಿಯು ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಓಡಿದರೆ, ಪ್ರತಿಯೊಂದು ಚಕ್ರಕ್ಕೂ ಸೆಕೆಂಡಿಗೆ ಸುಮಾರು ೧.೨೮ ಪೆಟ್ಟು ತಾಗುತ್ತದೆ. ಭಾರಕ್ಕೆ ೧೫ ಸೆಂಟಿಮೀಟರ್ ಕುಗ್ಗಿರುವ ಸ್ಪ್ರಿಂಗಿನ ಸ್ವಂತ ಲಯವೂ ಸರಿಸುಮಾರು ಅಷ್ಟೇ. ಇವೆರಡೂ ಕೂಡಿದರೆ ಅತಿ ಮೃದುವಾದ ಸ್ಪ್ರಿಂಗೇ ಡಬ್ಬಿಯನ್ನು ಅತಿ ಹೆಚ್ಚಾಗಿ ಕುಣಿಸುತ್ತದೆ. ಹಳಿಗಳನ್ನು ಉದ್ದಕ್ಕೂ ಬೆಸೆದ ಮೇಲೆ ಸಂದುಗಳು ವಿರಳವಾಗಿವೆ, ನಿಜ. ಆದರೆ ಹಳಿಯ ಏರುತಗ್ಗುಗಳು ಪೂರ್ತಿಯಾಗಿ ಇಲ್ಲದಾಗಲಿಲ್ಲ.

ಇದಕ್ಕೆ ಪರಿಹಾರ ಕಂಪನವನ್ನು ಶಮನ ಮಾಡುವ ಸಾಧನ. ಹಳೆಯ ಪಟ್ಟಿಯ ಸ್ಪ್ರಿಂಗಿನಲ್ಲಿ ಪಟ್ಟಿಗಳು ಒಂದನ್ನೊಂದು ಉಜ್ಜುವುದರಿಂದ ಶಕ್ತಿಯು ತಾನಾಗಿಯೇ ಕಳೆಯುತ್ತಿತ್ತು. ಆದರೆ ಆ ಉಜ್ಜುವಿಕೆಯು ನಂಬತಕ್ಕದ್ದಲ್ಲ. ತುಕ್ಕು ಹಿಡಿದರೆ ಪಟ್ಟಿಗಳು ಬಿಗಿದುಕೊಂಡು ಸಣ್ಣ ಪೆಟ್ಟಿಗೆ ಮಣಿಯುವುದೇ ಇಲ್ಲ. ಜಿಡ್ಡು ಹೆಚ್ಚಾದರೆ ತಡೆಯೇ ಇಲ್ಲ. ಆದುದರಿಂದ ಮಣಿಯುವ ಕೆಲಸವನ್ನು ಸುರುಳಿ ಸ್ಪ್ರಿಂಗಿಗೂ, ತಡೆಯುವ ಕೆಲಸವನ್ನು ಎಣ್ಣೆಯ ಕೊಳವೆಗೂ ಬೇರೆ ಬೇರೆಯಾಗಿ ಹಂಚಲಾಯಿತು. ಕೊಳವೆಯೊಳಗೆ ಕೊಂತವು ಆಡುವಾಗ ಎಣ್ಣೆಯು ಕಿರಿದಾದ ರಂಧ್ರಗಳಲ್ಲಿ ನುಸುಳಬೇಕಾಗುತ್ತದೆ. ಕುಣಿತದ ಶಕ್ತಿ ಶಾಖವಾಗಿ ಹೊರಟುಹೋಗುತ್ತದೆ. ರಂಧ್ರ ತೀರ ಕಿರಿದಾದರೂ ಕೆಡುಕೇ. ಆಗ ಕೊಳವೆಯೇ ಕೋಲಿನಂತೆ ಸೆಟೆದು ಪೆಟ್ಟನ್ನು ನೇರವಾಗಿ ಮೇಲಕ್ಕೆ ಸಾಗಿಸುತ್ತದೆ.

ಪೆರಂಬೂರಿನ ಬೋಗಿ

೧೯೫೫ರ ಅಕ್ಟೋಬರ್ ೨ರಂದು ಮದರಾಸಿನ ಪೆರಂಬೂರಿನಲ್ಲಿ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ ಉದ್ಘಾಟನೆಯಾಯಿತು. ಸ್ವಿಟ್ಜರ್ಲೆಂಡಿನ ಸಹಕಾರದಿಂದ ಅಲ್ಲಿ ತಯಾರಾದ ಡಬ್ಬಿಗಳ ಬೋಗಿಯು ಈ ಹಂಚಿಕೆಗೆ ಒಳ್ಳೆಯ ನಿದರ್ಶನ. ಅದರಲ್ಲಿ ಸ್ಪ್ರಿಂಗುಗಳು ಎರಡು ಅಂತಸ್ತು. ಅಚ್ಚಿನ ತುದಿಗಳಿಗೂ ಬೋಗಿಯ ಚೌಕಟ್ಟಿಗೂ ನಡುವೆ ಮೊದಲನೆಯದು. ಚೌಕಟ್ಟಿಗೂ ಡಬ್ಬಿಗೂ ನಡುವೆ ಎರಡನೆಯದು. ಕೆಳಗಿನ ಸುರುಳಿಗಳ ಒಳಗೆ ಎಣ್ಣೆ ತುಂಬಿದ ಕೊಳವೆಗಳಿವೆ. ಮೇಲಿನ ಸುರುಳಿಗಳ ಪಕ್ಕದಲ್ಲಿ ಬೇರೆ ಶಾಮಕಗಳಿವೆ.

ಮೇಲಿನ ಅಂತಸ್ತಿನ ರಚನೆ ಇನ್ನೂ ಸೊಗಸಾದುದು. ಸುರುಳಿಗಳು ಕುಳಿತಿರುವ ತೊಲೆಯನ್ನು ಚೌಕಟ್ಟಿನಿಂದ ಕೊಂಡಿಗಳ ಮೂಲಕ ತೂಗುಬಿಡಲಾಗಿದೆ. ಜಂತಿಗೆ ಕಟ್ಟಿದ ತೊಟ್ಟಿಲಿನಂತೆ ಅದು ಎಡಕ್ಕೂ ಬಲಕ್ಕೂ ಮೆಲ್ಲನೆ ಆಡುತ್ತದೆ. ಪಕ್ಕದ ಪೆಟ್ಟನ್ನು ತಗ್ಗಿಸಲು ಇಲ್ಲಿ ಬೇರೊಂದು ಉಕ್ಕಿನ ಸ್ಪ್ರಿಂಗು ಬೇಕಿಲ್ಲ. ಭೂಮಿಯ ಆಕರ್ಷಣೆಯೇ ಡಬ್ಬಿಯನ್ನು ನಡುವಿಗೆ ಮರಳಿಸುತ್ತದೆ.

ಚಕ್ರ ಮತ್ತು ಅಚ್ಚುಗಳು ಮಾತ್ರ ಎಲ್ಲ ಸ್ಪ್ರಿಂಗುಗಳಿಗಿಂತ ಕೆಳಗಿರುವುದರಿಂದ ಪೆಟ್ಟನ್ನೆಲ್ಲ ತಾವೇ ಸಹಿಸಬೇಕು. ಆದ್ದರಿಂದಲೇ ಅವುಗಳ ತಯಾರಿಕೆಯಲ್ಲಿ ವಿಶೇಷವಾದ ಎಚ್ಚರಿಕೆ ಅಗತ್ಯ. ಬೆಂಗಳೂರಿನ ಯಲಹಂಕದ ಕಾರ್ಖಾನೆ ೧೯೮೪ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾದುದು ಭಾರತೀಯ ರೈಲ್ವೆಗೆ ಇಂತಹ ಚಕ್ರ, ಅಚ್ಚುಗಳನ್ನು ಒದಗಿಸುವುದಕ್ಕಾಗಿಯೇ.

ಎಪ್ಪತ್ತೈದು ಮಿಲಿಮೀಟರಿನ ಮಿತಿ

ಇಷ್ಟಾದ ಮೇಲೂ ಸ್ಪ್ರಿಂಗನ್ನು ಬೇಕಾದಷ್ಟು ಮೃದುವಾಗಿಸಲು ಏಕೆ ಸಾಧ್ಯವಾಗಲಿಲ್ಲ? ಇದಕ್ಕೆ ಉತ್ತರ ಜನಸಂದಣಿಯಲ್ಲಿದೆ. ಒಂದು ಡಬ್ಬಿ ಇನ್ನೊಂದಕ್ಕೆ ಸರಿಯಾಗಿ ತಾಗಬೇಕಾದರೆ ಅವುಗಳ ತುದಿಯ ಬಫರುಗಳು ಒಂದೇ ಎತ್ತರದಲ್ಲಿರಬೇಕು. ಭಾರತದ ಬ್ರಾಡ್‌ಗೇಜಿನಲ್ಲಿ ಈ ಎತ್ತರವು ಹಳಿಯಿಂದ ೧೧೦೫ ಮಿಲಿಮೀಟರಿಗೆ ಮೀರಬಾರದು, ೧೦೩೦ಕ್ಕೆ ಇಳಿಯಬಾರದು. ನಡುವಣ ಅಂತರ ೭೫ ಮಿಲಿಮೀಟರ್ ಮಾತ್ರ.

ಸ್ಪ್ರಿಂಗುಗಳ ಮೇಲೆ ೪೦ ಟನ್ನಿನ ಭಾರವಿದ್ದು, ಅದಕ್ಕೆ ಅವು ೨೫ ಸೆಂಟಿಮೀಟರ್ ಕುಗ್ಗಿವೆ ಎಂದು ಭಾವಿಸಬಹುದು. ಹಬ್ಬದ ದಿನ ಆ ಡಬ್ಬಿಗೆ ೨೦೦ ಜನ ಏರಿದರೆ, ತಲೆಗೆ ೬೦ ಕಿಲೋಗ್ರಾಮಿನಂತೆ ೧೨ ಟನ್ ಹೆಚ್ಚುತ್ತದೆ. ಸ್ಪ್ರಿಂಗು ಇನ್ನೂ ೭೫ ಮಿಲಿಮೀಟರ್ ಕುಸಿಯುತ್ತದೆ. ಅಲ್ಲಿಗೆ ಮಿತಿಯೆಲ್ಲ ತೀರಿತು. ಚಕ್ರದ ಸವೆತಕ್ಕೆ ಎಡೆಯೇ ಉಳಿಯಲಿಲ್ಲ. ಆದುದರಿಂದ ಯಂತ್ರಶಿಲ್ಪಿಯು ಸ್ಪ್ರಿಂಗನ್ನು ಗಡುಸಾಗಿಸಲೇಬೇಕಾಯಿತು. ಚಕ್ರ ಸವೆದಂತೆಲ್ಲ ಅಡಿಯಲ್ಲಿ ಬಿಲ್ಲೆಗಳನ್ನಿಟ್ಟು ಎತ್ತರವನ್ನು ಸರಿದೂಗಿಸಬೇಕಾಯಿತು. ಕಿಕ್ಕಿರಿದ ದಿನಕ್ಕಾಗಿ ಗಡುಸು ಮಾಡಿದ ಸ್ಪ್ರಿಂಗು ಡಬ್ಬಿ ಖಾಲಿಯಾದ ದಿನ ಒರಟಾಗಿ ವರ್ತಿಸುತ್ತದೆ. ಈ ಕಷ್ಟವು ಹೆಚ್ಚಾಗಿ ಬೀಳುವುದು ಕಾಯ್ದಿರಿಸದ ಡಬ್ಬಿಯ ವಿನ್ಯಾಸದ ಮೇಲೆ, ಎಂದರೆ ಬಡವರ ಪ್ರಯಾಣದ ಮೇಲೆ, ಎಂಬುದನ್ನು ಮರೆಯಲಾಗದು.

ಹಾವಿನ ನಡೆ

ಸುಖಕ್ಕಿಂತಲೂ ಮಿಗಿಲಾದುದು ರಕ್ಷೆ. ಒರಟು ನೆಲದ ಮೇಲಿಟ್ಟ ನಾಲ್ಕು ಕಾಲಿನ ಬೆಂಚು ಮೂರು ಕಾಲಿನ ಮೇಲೆ ನಿಲ್ಲುವಂತೆ, ಸ್ಪ್ರಿಂಗು ಸಾಕಷ್ಟು ಮಣಿಯದ ಬೋಗಿಯಲ್ಲಿ ಓರೆಯಾದ ಹಳಿಯ ಮೇಲೆ ಒಂದು ಚಕ್ರದ ಭಾರ ಕುಂದುತ್ತದೆ. ಭಾರ ಕುಂದಿದ ಚಕ್ರ ಹಳಿಯನ್ನು ಏರಿ ತಪ್ಪಬಹುದು.

ಇನ್ನೊಂದು ಅಪಾಯ ವೇಗದಿಂದ ಬರುವುದು. ರೈಲಿನ ಚಕ್ರದ ಅಂಚು ಸಮತಟ್ಟಲ್ಲ, ಕೊಂಚ ಇಳಿಜಾರು. ಜೋಡಿ ಚಕ್ರ ಒಂದು ಪಕ್ಕಕ್ಕೆ ಸರಿದರೆ ಆ ಪಕ್ಕದ ಚಕ್ರವು ದೊಡ್ಡ ಸುತ್ತಳತೆಯಲ್ಲಿ ಉರುಳಿ ತಾನಾಗಿ ನಡುವಿಗೆ ಮರಳುತ್ತದೆ. ಆದರೆ ನಡುವನ್ನು ದಾಟಿ ಆಚೆಗೂ ಸರಿಯುತ್ತದೆ. ಗಾಡಿ ಹೀಗೆ ಅಂಕುಡೊಂಕಾಗಿ ಹರಿಯುವುದನ್ನು ಜಪಾನೀಯರು ಹಾವಿನ ನಡೆ ಎಂಬರ್ಥದ ಪದದಿಂದ ಕರೆಯುತ್ತಾರೆ. ವೇಗವು ಒಂದು ಮಿತಿಯನ್ನು ಮೀರಿದರೆ ಈ ನಡೆ ಅಡಗುವ ಬದಲು ಬೆಳೆಯುತ್ತದೆ. ಯುದ್ಧಕಾಲದಲ್ಲಿ ವಿಮಾನದ ರೆಕ್ಕೆಗಳ ಕಂಪನವನ್ನು ಅಭ್ಯಾಸ ಮಾಡಿದ್ದ ತದಾಶಿ ಮತ್ಸುದೈರಾ ಯುದ್ಧಾನಂತರ ಜಪಾನಿನ ರೈಲ್ವೆ ಸಂಶೋಧನಾಲಯವನ್ನು ಸೇರಿ, ಈ ನಡೆಗೆ ಹಳಿಯ ದೋಷವೊಂದೇ ಕಾರಣವಲ್ಲ, ಬೋಗಿಯೇ ತನ್ನೊಳಗಿನಿಂದ ಅದನ್ನು ಹುಟ್ಟಿಸುತ್ತದೆಂದು ತೋರಿಸಿದರು. ಅಚ್ಚನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು, ಎಷ್ಟು ಸಡಿಲ ಬಿಡಬೇಕು ಎಂಬ ಲೆಕ್ಕ ಇದರಿಂದ ದೊರೆಯಿತು. ೧೯೬೪ರ ಅಕ್ಟೋಬರ್ ೧ರಂದು ಗಂಟೆಗೆ ೨೧೦ ಕಿಲೋಮೀಟರ್ ವೇಗದ ಶಿಂಕಾನ್ಸೆನ್ ಗಾಡಿಯು ಸಂಚಾರ ಆರಂಭಿಸಿದುದರ ಹಿಂದೆ ಈ ಅರಿವಿದೆ.

ಭಾರತದಲ್ಲಿ ೨೦೦೦ದ ಆಸುಪಾಸಿನಲ್ಲಿ ಬಂದ ಜರ್ಮನ್ ಮೂಲದ ಎಲ್.ಎಚ್.ಬಿ. ಡಬ್ಬಿಗಳ ಬೋಗಿಯಲ್ಲಿ ಇದಕ್ಕೆಂದೇ ಎರಡು ಪಕ್ಕಗಳಲ್ಲಿ ಅಡ್ಡವಾಗಿ ಮಲಗಿಸಿದ ಶಾಮಕಗಳಿವೆ. ಬೋಗಿಯು ಡಬ್ಬಿಯ ಅಡಿಯಲ್ಲಿ ಮೆಲ್ಲನೆ ತಿರುಗಿದರೆ ಅವು ಬಿಟ್ಟುಕೊಡುತ್ತವೆ. ತಟಕ್ಕನೆ ತಿರುಗಿದರೆ ತಡೆಯುತ್ತವೆ. ಪೆರಂಬೂರಿನ ಕಾರ್ಖಾನೆ ತನ್ನ ಹಳೆಯ ಮಾದರಿಯ ತಯಾರಿಕೆಯನ್ನು ೨೦೧೮ರ ಜನವರಿಯಲ್ಲಿ ಮುಗಿಸಿ ಈ ಹೊಸ ಮಾದರಿಗೆ ತಿರುಗಿತು.

ಗಾಳಿಯ ಸ್ಪ್ರಿಂಗು

ಜನಸಂದಣಿಯ ತೊಡಕಿಗೆ ಪರಿಹಾರ ದೊರೆತುದು ಗಾಳಿಯಿಂದ. ಉಕ್ಕಿನ ಸುರುಳಿಯ ಸ್ಥಾನದಲ್ಲಿ ಒತ್ತಿದ ಗಾಳಿ ತುಂಬಿದ ರಬ್ಬರಿನ ಚೀಲವನ್ನಿಟ್ಟರೆ, ಜನ ಏರಿದಾಗ ಒಂದು ಕವಾಟವು ತಾನಾಗಿ ತೆರೆದು ಹೆಚ್ಚು ಗಾಳಿಯನ್ನು ಒಳಬಿಡುತ್ತದೆ, ಇಳಿದಾಗ ಹೊರಬಿಡುತ್ತದೆ. ಡಬ್ಬಿಯ ಎತ್ತರ ಬದಲಾಗದು. ಭಾರ ಹೆಚ್ಚಿದಂತೆ ಚೀಲದ ಗಡುಸೂ ಅದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ತೂಗಾಟದ ಲಯವೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಖಾಲಿ ಡಬ್ಬಿಗೂ ಕಿಕ್ಕಿರಿದ ಡಬ್ಬಿಗೂ ಒಂದೇ ಬಗೆಯ ಸುಖ. ಚೀಲ ಒಡೆದರೆ ಡಬ್ಬಿಯು ಒಳಗಿರುವ ರಬ್ಬರಿನ ದಿಂಡಿನ ಮೇಲೆ ಕುಳಿತು, ವೇಗ ತಗ್ಗಿಸಿಕೊಂಡು ಊರು ಸೇರಬಹುದು.

ಶಿಂಕಾನ್ಸೆನ್ನಿನ ಮೊದಲ ಗಾಡಿಗಳಲ್ಲಿಯೇ ಇದ್ದ ಈ ಏರ್ಪಾಡು ೨೦೧೯ರಲ್ಲಿ ಸಂಚಾರ ಆರಂಭಿಸಿದ ವಂದೇ ಭಾರತ್ ಗಾಡಿಯಲ್ಲಿಯೂ ಉಂಟು. ೨೦೧೧ರ ಅಕ್ಟೋಬರಿನಲ್ಲಿ ಆರಂಭವಾದ ಬೆಂಗಳೂರಿನ ಮೆಟ್ರೊ ಗಾಡಿಗಳಲ್ಲಿಯೂ ಉಂಟು. ನಿಲ್ದಾಣದಲ್ಲಿ ಜನಸಮೂಹ ಏರಿ ಇಳಿದರೂ ಗಾಡಿಯ ನೆಲ ಪ್ಲಾಟ್‌ಫಾರ್ಮಿನ ಮಟ್ಟವನ್ನು ಬಿಡದಿರುವುದು ಇದರ ಫಲ.

ಅಳತೆ ಮತ್ತು ಪಾಲನೆ

ಸುಖವನ್ನೂ ಅಳೆಯಬಹುದು. ಜರ್ಮನಿಯ ಸ್ಪರ್ಲಿಂಗ್ ಎಂಬವರ ಹೆಸರಿನ ಸೂಚ್ಯಂಕವು ಕುಲುಕಾಟದ ತೀವ್ರತೆ ಮತ್ತು ಲಯ ಎರಡನ್ನೂ ಗಣಿಸುತ್ತದೆ. ಅಂಕ ಕಡಿಮೆಯಾದಷ್ಟೂ ಸುಖ ಹೆಚ್ಚು. ಹಳೆಯ ಮಾದರಿಯ ಡಬ್ಬಿಗೆ ಇದು ೩.೨೫ರ ಆಸುಪಾಸಿನಲ್ಲಿದ್ದರೆ, ಎಲ್.ಎಚ್.ಬಿ. ಡಬ್ಬಿಗೆ ೨.೭೫ನ್ನು ಮೀರಬಾರದೆಂಬ ಗುರಿಯಿಡಲಾಯಿತು. ಆದರೆ ಕೊಳವೆಯ ಎಣ್ಣೆ ಸೋರಿಹೋದರೆ, ಕವಾಟ ಕೆಟ್ಟರೆ, ಎಂತಹ ಉತ್ತಮ ವಿನ್ಯಾಸವೂ ವ್ಯರ್ಥ. ಯಾರ್ಡಿನಲ್ಲಿ ದೀಪ ಹಿಡಿದು ಬಗ್ಗಿ ಸುರುಳಿಯ ಬಿರುಕನ್ನು ಹುಡುಕುವ ಕೆಲಸಗಾರನೂ ಈ ವಿನ್ಯಾಸದ ಒಂದು ಅಂಗವೇ.

ಶಾಲೆಯ ಪ್ರಯೋಗಶಾಲೆಯಲ್ಲಿ ಇದರ ಸಾರವನ್ನು ಸುಲಭವಾಗಿ ತೋರಿಸಬಹುದು. ಒಂದು ಸುರುಳಿಗೆ ತೂಕದ ಕಲ್ಲನ್ನು ತೂಗುಹಾಕಿ ಎಳೆದುಬಿಟ್ಟರೆ ಅದು ಬಹಳ ಹೊತ್ತು ಆಡುತ್ತದೆ. ಅದೇ ಕಲ್ಲನ್ನು ಎಣ್ಣೆಯ ಪಾತ್ರೆಯಲ್ಲಿ ಮುಳುಗಿಸಿ ಬಿಟ್ಟರೆ ಬೇಗನೆ ನಿಲ್ಲುತ್ತದೆ. ಮಣಿಯುವ ಗುಣ ಸುರುಳಿಯದು, ಅದನ್ನು ಹತೋಟಿಯಲ್ಲಿಡುವ ಗುಣ ಎಣ್ಣೆಯದು. ಎರಡೂ ಹದವರಿತು ಕೂಡಿದಲ್ಲಿ ಮಾತ್ರ ಗಾಡಿಯಲ್ಲಿ ಕೂಸು ನಿದ್ರಿಸುತ್ತದೆ. ಇಷ್ಟನ್ನು ವಿದ್ಯಾರ್ಥಿಗಳು ಕಣ್ಣಾರೆ ಕಂಡು ಮನಗಂಡರೆ ಅಧ್ಯಾಪಕರ ಶ್ರಮ ಸಾರ್ಥಕ.