ಗಂಡೋ, ಹೆಣ್ಣೋ? ವರ್ಣತಂತು ಮತ್ತು ಹಾರ್ಮೋನುಗಳ ಕೆಲಸ

ಹೆರಿಗೆ ಕೋಣೆಯ ಬಾಗಿಲು ತೆರೆದೊಡನೆ ಮನೆಯವರು ಕೇಳುವ ಮೊದಲ ಪ್ರಶ್ನೆ, 'ಗಂಡೋ, ಹೆಣ್ಣೋ?' ಮೂರನೆಯದೂ ಹೆಣ್ಣೆಂದು ತಿಳಿದಾಗ ಕೆಲವು ಮನೆಗಳಲ್ಲಿ ಸೊಸೆಯ ಮೇಲೆ ಬೀಳುವ ನೋಟ ಎಂಥದ್ದೆಂದು ನಿಮಗೆ ಗೊತ್ತು. ಆ ನೋಟ ಅನ್ಯಾಯದ್ದು. ಏಕೆಂದು ಮೊದಲು ತಿಳಿಯೋಣ.

ನಮ್ಮ ದೇಹದ ಪ್ರತಿ ಜೀವಕೋಶದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳು, ಅಂದರೆ 23 ಜೋಡಿ ಇರುತ್ತವೆ. ಕೊನೆಯ ಜೋಡಿಯೇ ಲಿಂಗಕ್ಕೆ ಸಂಬಂಧಿಸಿದ್ದು. ಹೆಣ್ಣಿನಲ್ಲಿ ಅದು ಎಕ್ಸ್-ಎಕ್ಸ್, ಗಂಡಿನಲ್ಲಿ ಎಕ್ಸ್-ವೈ. ತಾಯಿಯ ಅಂಡಾಣು ಕೊಡುವುದು ಎಕ್ಸ್ ಮಾತ್ರ. ತಂದೆಯ ವೀರ್ಯಾಣು ಎಕ್ಸ್ ತಂದರೆ ಹೆಣ್ಣು, ವೈ ತಂದರೆ ಗಂಡು. ಯಾವುದು ಬರುವುದೆಂಬುದು ತಂದೆಯ ಕೈಯಲ್ಲೂ ಇಲ್ಲ. ಹಾಗಿರುವಾಗ ತಾಯಿಯನ್ನು ದೂರುವುದೇಕೆ?

ಆರನೇ ವಾರದವರೆಗೆ ಒಂದೇ ಬಗೆ

ಗರ್ಭದಲ್ಲಿ ಸುಮಾರು ಆರು ವಾರಗಳವರೆಗೆ ಗಂಡು ಮತ್ತು ಹೆಣ್ಣು ಭ್ರೂಣಗಳ ಜನನಾಂಗಗಳ ಮೂಲರೂಪ ಒಂದೇ ಆಗಿರುತ್ತದೆ. ಆ ಬಳಿಕ ವೈ ವರ್ಣತಂತುವಿನಲ್ಲಿರುವ ಎಸ್.ಆರ್.ವೈ. ಎಂಬ ಜೀನ್ ಕೆಲಸ ಆರಂಭಿಸಿ ವೃಷಣಗಳು ರೂಪುಗೊಳ್ಳುವಂತೆ ಮಾಡುತ್ತದೆ. ವಿಜ್ಞಾನಿಗಳು ಈ ಜೀನನ್ನು ಗುರುತಿಸಿದ್ದು 1990ರಲ್ಲಿ. ವೃಷಣಗಳು ಸ್ರವಿಸುವ ಟೆಸ್ಟೋಸ್ಟೆರಾನ್ ಮುಂತಾದ ಹಾರ್ಮೋನುಗಳು ಗಂಡಿನ ಅಂಗಗಳನ್ನು ಬೆಳೆಸುತ್ತವೆ. ಎಕ್ಸ್-ಎಕ್ಸ್ ಭ್ರೂಣದಲ್ಲಿ ಅಂಡಾಶಯ, ಗರ್ಭಕೋಶಗಳು ಬೆಳೆಯುತ್ತವೆ. ಅಂದರೆ ವರ್ಣತಂತು ಅಪ್ಪಣೆ ಕೊಡುತ್ತದೆ, ಹಾರ್ಮೋನು ಅದನ್ನು ನಡೆಸುತ್ತದೆ.

ಈ ದಾರಿಯಲ್ಲಿ ಎಲ್ಲಾದರೂ ವ್ಯತ್ಯಾಸವಾದರೆ ಮಗುವಿನ ಬೆಳವಣಿಗೆ ಬೇರೆಯಾಗಬಹುದು. ಒಂದೇ ಎಕ್ಸ್ ಇರುವ ಟರ್ನರ್ ಸಿಂಡ್ರೋಮ್‌ನ ಹೆಣ್ಣುಮಕ್ಕಳು ಗಿಡ್ಡವಾಗಿರುತ್ತಾರೆ, ಅವರಲ್ಲಿ ಹೆಚ್ಚಿನವರು ತಾವಾಗಿ ಋತುಮತಿಯರಾಗುವುದಿಲ್ಲ. ಎಕ್ಸ್-ಎಕ್ಸ್-ವೈ ಇರುವ ಕ್ಲೈನ್‌ಫೆಲ್ಟರ್ ಸಿಂಡ್ರೋಮ್‌ನ ಗಂಡಸರಲ್ಲಿ ಅನೇಕರಿಗೆ ಮದುವೆಯಾಗಿ ಮಕ್ಕಳಾಗದಿದ್ದಾಗಲೇ ವಿಷಯ ತಿಳಿಯುತ್ತದೆ.

ಮುಚ್ಚಿಟ್ಟರೆ ಜೀವಕ್ಕೇ ಅಪಾಯ

ಇವುಗಳಲ್ಲಿ ತಂದೆ-ತಾಯಿ ಮುಖ್ಯವಾಗಿ ತಿಳಿದಿರಬೇಕಾದದ್ದು ಸಿ.ಎ.ಎಚ್. ಎಂಬ ಹುಟ್ಟು ಕಾಯಿಲೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳು ಇದರಲ್ಲಿ ಅಗತ್ಯವಾದ ಹಾರ್ಮೋನುಗಳನ್ನು ಸಾಕಷ್ಟು ತಯಾರಿಸುವುದಿಲ್ಲ, ಬದಲಿಗೆ ಗಂಡು ಹಾರ್ಮೋನುಗಳನ್ನು ಅತಿಯಾಗಿ ಸ್ರವಿಸುತ್ತವೆ. ಇದರಿಂದ ಹೆಣ್ಣು ಮಗುವಿನ ಹೊರ ಜನನಾಂಗ ಗಂಡಿನದರಂತೆ ಕಾಣಬಹುದು. ಒಳಗೆ ಗರ್ಭಕೋಶ, ಅಂಡಾಶಯ ಎರಡೂ ಇರುತ್ತವೆ.

ನಾಚಿಕೆಯಿಂದ ವಿಷಯವನ್ನು ಮುಚ್ಚಿಟ್ಟು ಮಗುವನ್ನು ಮನೆಗೆ ತಂದರೆ ಏನಾಗುತ್ತದೆ? ಕಾಯಿಲೆ ತೀವ್ರವಾಗಿದ್ದರೆ, ಸಾಮಾನ್ಯವಾಗಿ ಎರಡು-ಮೂರನೇ ವಾರದಲ್ಲಿ ದೇಹದ ಉಪ್ಪಿನಂಶ ಮೂತ್ರದಲ್ಲಿ ಹರಿದುಹೋಗಿ ಮಗು ವಾಂತಿ ಮಾಡಿಕೊಂಡು, ಹಾಲು ಬಿಟ್ಟು, ತೂಕ ಇಳಿದು ಸೊರಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಗಂಡು ಮಗುವಿನಲ್ಲಿ ಹೊರಗೆ ಗುರುತೇ ಕಾಣದಿರುವುದರಿಂದ ಅಪಾಯ ಇನ್ನೂ ಹೆಚ್ಚು. ರಕ್ತಪರೀಕ್ಷೆಯಿಂದ ಕಾಯಿಲೆಯನ್ನು ಪತ್ತೆಹಚ್ಚಬಹುದು. ದಿನನಿತ್ಯದ ಮಾತ್ರೆಯಿಂದ ಮಗು ಎಲ್ಲರಂತೆ ಬೆಳೆಯಬಲ್ಲದು. ಮಾತ್ರೆಯನ್ನು ಎಂದೂ ತಾವಾಗಿ ನಿಲ್ಲಿಸಬಾರದು. ಜ್ವರ ಬಂದಾಗ ಎಷ್ಟು ಹೆಚ್ಚಿಸಬೇಕು, ದೊಡ್ಡವರಾದ ಮೇಲೆ ರಮಝಾನಿನ ಉಪವಾಸ ಹಿಡಿಯಬಹುದೇ ಎಂಬುದನ್ನು ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು.

ದೋಷವಿರುವ ಜೀನ್ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಈ ಕಾಯಿಲೆ ಬರುತ್ತದೆ. ಇಬ್ಬರಲ್ಲೂ ಅದು ಅಡಗಿದ್ದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ. ರಕ್ತಸಂಬಂಧದ ಮದುವೆಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಕುಟುಂಬದಲ್ಲಿ ಎಳೆಗೂಸುಗಳು ಕಾರಣ ತಿಳಿಯದೆ ತೀರಿಹೋಗಿದ್ದರೆ ವೈದ್ಯರಿಗೆ ಮರೆಯದೆ ಹೇಳಿ.

ಸ್ವಭಾವದ ಮಾತು

ಗರ್ಭದಲ್ಲಿ ಗಂಡು ಹಾರ್ಮೋನು ಹೆಚ್ಚಾಗಿದ್ದ ಹೆಣ್ಣುಮಕ್ಕಳು ಗೊಂಬೆಗಿಂತ ವಾಹನದ ಆಟಿಕೆ, ಓಟದ ಆಟಗಳನ್ನು ಹೆಚ್ಚು ಇಷ್ಟಪಡುವುದು ಅಧ್ಯಯನಗಳಲ್ಲಿ ಕಂಡಿದೆ. ಹಾಗಿದ್ದೂ ಅವರಲ್ಲಿ ಹೆಚ್ಚಿನವರು ತಮ್ಮನ್ನು ಹೆಣ್ಣೆಂದೇ ಕಾಣುತ್ತಾರೆ. ಹಾರ್ಮೋನು ಒಲವನ್ನು ತಿದ್ದೀತು. ಇಡೀ ವ್ಯಕ್ತಿತ್ವವನ್ನು ಬರೆಯದು. ಮನೆಯ ಪ್ರೀತಿ, ಪಾಲನೆ, ಕಲಿಕೆ ಎಲ್ಲವೂ ಅದರಲ್ಲಿ ಸೇರಿವೆ. ಆದ್ದರಿಂದ ಮರ ಹತ್ತುವ ಮಗಳನ್ನು 'ಗಂಡುಬೀರಿ' ಎಂದೋ, ಮೆಲುಮಾತಿನ ಮಗನನ್ನು 'ಹೆಣ್ಣಿಗ' ಎಂದೋ ಹಂಗಿಸಬೇಡಿ. ಅದು ರೋಗವಲ್ಲ, ತಪ್ಪೂ ಅಲ್ಲ.

ವೈದ್ಯರನ್ನು ಕಾಣಬೇಕಾದದ್ದು ಯಾವಾಗ? ನವಜಾತ ಶಿಶುವಿನ ಜನನಾಂಗ ಅಸ್ಪಷ್ಟವಾಗಿದ್ದರೆ ಅಂದೇ. ಮಗಳು 15 ತುಂಬಿದರೂ ಋತುಮತಿಯಾಗದಿದ್ದರೆ, ಮಗನಿಗೆ 14 ತುಂಬಿದರೂ ಪ್ರಾಯದ ಲಕ್ಷಣ ಕಾಣದಿದ್ದರೆ ತಡಮಾಡಬೇಡಿ. ಮಕ್ಕಳ ಹಾರ್ಮೋನು ತಜ್ಞರು ನೋಡುವ ಮೊದಲು ಗಂಡೆಂದೋ ಹೆಣ್ಣೆಂದೋ ಸಾರಲು, ಶಸ್ತ್ರಚಿಕಿತ್ಸೆಗೆ ಒಪ್ಪಲು ಅವಸರ ಬೇಡ.

ಅಸ್ಪಷ್ಟ ಲಿಂಗದೊಂದಿಗೆ ಹುಟ್ಟಿದವರನ್ನು ನಮ್ಮ ಫಿಕ್‌ಹ್ ವಿದ್ವಾಂಸರು 'ಖುನ್ಸಾ' ಎಂದು ಕರೆದು, ಅವರ ನಮಾಝ್, ಆಸ್ತಿಯ ಪಾಲುಗಳ ಬಗ್ಗೆಯೂ ಶತಮಾನಗಳ ಹಿಂದೆಯೇ ಚರ್ಚಿಸಿದ್ದಾರೆ. ಅವರು ಸಂಕೋಚವಿಲ್ಲದೆ ಮಾತಾಡಿದ ವಿಷಯವನ್ನು ನಾವು ಮುಚ್ಚಿಟ್ಟು ಕೂಸಿನ ಜೀವಕ್ಕೆ ಎರವಾಗುವುದು ಬೇಡ.